ಲ್ಯಾಬ್‌ಗೆ ಅನುದಾನ ಕೇಳುವ ಮುಂಚೆ: ಕೋಲಾರ–ಚಿಕ್ಕಬಳ್ಳಾಪುರ ವಿಜ್ಞಾನ ಅಧ್ಯಾಪಕರ ಗುಂಪಿನ ಪ್ರಶ್ನೋತ್ತರ

ಅಡ್ಮಿನ್: ಈ ವಾರ ಉತ್ತರ ಕೊಡುವವರು ನಮ್ಮ ಕಡೆಯೇ ಭೌತಶಾಸ್ತ್ರ ಪಾಠ ಮಾಡಿ ನಿವೃತ್ತರಾದ ಮೇಷ್ಟ್ರು. ಅನುದಾನ ತಂದು ಲ್ಯಾಬ್ ಕಟ್ಟಿದವರು, ಪ್ರಪೋಸಲ್ ಪರಿಶೀಲಿಸುವ ಸಮಿತಿಯಲ್ಲೂ ಕೂತವರು. ‘ಯಾವ ಸ್ಕೀಮ್ ಒಳ್ಳೇದು ಸರ್?’ ಅಂತ ಒಂದೇ ಸಾಲು ಹಾಕಬೇಡಿ. ಕಾಲೇಜಿನ ಸ್ಥಿತಿ ಸ್ವಲ್ಪ ಬರೆಯಿರಿ.

ಪ್ರಶ್ನೆ (ರಸಾಯನಶಾಸ್ತ್ರ ಉಪನ್ಯಾಸಕಿ, ಚಿಂತಾಮಣಿ ಕಡೆ): ನಮಸ್ಕಾರ ಸರ್. ನಮ್ಮದು ಬಿಎಸ್ಸಿ ಇರುವ ಪದವಿ ಕಾಲೇಜು. ಬ್ಯಾಚಿಗೆ ಇಪ್ಪತ್ತು ಮಕ್ಕಳು, ಕೆಲಸ ಮಾಡುವ ಕಲರಿಮೀಟರ್ (ದ್ರಾವಣದ ಬಣ್ಣ ಎಷ್ಟು ಗಾಢ ಅಂತ ಅಳೆಯುವ ಉಪಕರಣ) ಎರಡೇ. ಒಬ್ಬ ನಾಬ್ ತಿರುಗಿಸುತ್ತಾನೆ, ಒಬ್ಬಳು ರೀಡಿಂಗ್ ಬರೆಯುತ್ತಾಳೆ, ಮಿಕ್ಕವರು ಅದನ್ನೇ ರೆಕಾರ್ಡಿಗೆ ಇಳಿಸುತ್ತಾರೆ. ಪ್ರಿನ್ಸಿಪಾಲರು ‘ಐವತ್ತು ಲಕ್ಷಕ್ಕೆ ಹಾಕಿ, ದೊಡ್ಡ ಮಷೀನ್ ಬರಲಿ’ ಅಂತಾರೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಮೇಡಂ, ದೊಡ್ಡ ಮಷೀನ್ ಸದ್ಯಕ್ಕೆ ಬಿಡಿ. ನೀವು ಬರೆದ ಆ ಎರಡು ಸಾಲು, ನಾಬ್ ತಿರುಗಿಸುವವನು ಮತ್ತು ಕಾಪಿ ಮಾಡುವವರು, ಅದೇ ನಿಮ್ಮ ಪ್ರಪೋಸಲಿನ ಮೊದಲ ಪ್ಯಾರಾ ಆಗಬೇಕು. ಸಮಿತಿ ಮುಂದೆ ಬರುವ ಅರ್ಜಿಗಳಲ್ಲಿ ಬಹಳಷ್ಟು ಕ್ಯಾಟಲಾಗ್ ನೋಡಿ ಬರೆದಂತಿರುತ್ತವೆ. ಸ್ಪೆಕ್ಟ್ರೋಫೋಟೋಮೀಟರ್ ಒಂದು, ಸೆಂಟ್ರಿಫ್ಯೂಜ್ ಒಂದು, ಪ್ರೊಜೆಕ್ಟರ್ ಒಂದು. ಯಾವ ವರ್ಷದ ಮಕ್ಕಳು ಯಾವ ಪ್ರಯೋಗವನ್ನು ತಮ್ಮ ಕೈಯಾರೆ ಮಾಡುತ್ತಾರೆ ಅನ್ನೋದು ಎಲ್ಲೂ ಇರುವುದಿಲ್ಲ. ಅಂಥವನ್ನು ಬದಿಗೆ ಸರಿಸಲು ಐದು ನಿಮಿಷ ಸಾಕು.

ಒಂದು ಉದಾಹರಣೆ ಹೇಳ್ತೀನಿ. ನಮ್ಮ ಕಡೆ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ ಅಂತ ಮಕ್ಕಳಿಗೂ ಗೊತ್ತು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ನೀರಿನ ಮೂಲ ಇಲ್ಲದಿದ್ದರೆ 1.5 ತನಕ. ಇದನ್ನು ಅಳೆಯಲು ಸ್ಪ್ಯಾಡ್ನ್ಸ್ ಅನ್ನೋ ಡೈ (ಬಣ್ಣದ ವಸ್ತು) ಬಳಸುವ ವಿಧಾನ ಇದೆ. ಆ ಡೈ ಜಿರ್ಕೋನಿಯಂ ಜೊತೆ ಸೇರಿ ಕೆಂಪಾಗಿರುತ್ತದೆ. ಫ್ಲೋರೈಡ್ ಬಂದು ಜಿರ್ಕೋನಿಯಂ ಅನ್ನು ಕಿತ್ತುಕೊಂಡರೆ ಬಣ್ಣ ಇಳಿಯುತ್ತದೆ. ಸುಮಾರು 570 ನ್ಯಾನೋಮೀಟರ್ ಹತ್ತಿರದ ಫಿಲ್ಟರ್ ಹಾಕಿದರೆ ನಿಮ್ಮ ಈಗಿನ ಕಲರಿಮೀಟರಲ್ಲೇ ಆಗುತ್ತದೆ. ಮಕ್ಕಳೇ ಸೋಡಿಯಂ ಫ್ಲೋರೈಡ್ ತೂಗಿ ಸ್ಟ್ಯಾಂಡರ್ಡ್ (ಫ್ಲೋರೈಡ್ ಎಷ್ಟಿದೆ ಅಂತ ಗೊತ್ತಿರುವ ದ್ರಾವಣ) ಮಾಡಲಿ, ಗ್ರಾಫ್ ಎಳೆಯಲಿ, ಆಮೇಲೆ ತಮ್ಮ ಮನೆಯ ನೀರು ಹಾಕಲಿ. ರೀಡಿಂಗ್ ಗ್ರಾಫಿನ ಆಚೆ ಹೋದರೆ ನೀರನ್ನು ಡೈಲ್ಯೂಟ್ ಮಾಡಿ ಮತ್ತೆ ಅಳೆಯಬೇಕು ಅನ್ನೋದು ಅವರಿಗೆ ಅಲ್ಲೇ ಹೊಳೆಯುತ್ತದೆ. ಪಕ್ಕದವನ ರೀಡಿಂಗ್ ಕಾಪಿ ಮಾಡಲು ಆಗಲ್ಲ, ಅವನದು ಬೇರೆ ಊರಿನ ನೀರು!

ಎರಡನೇ ಹಂತಕ್ಕೆ ಫ್ಲೋರೈಡ್ ಎಲೆಕ್ಟ್ರೋಡ್ ಕೇಳಿ, ನೀರಿನ ಫ್ಲೋರೈಡನ್ನು ವೋಲ್ಟೇಜಾಗಿ ತೋರಿಸುವಂಥದ್ದು. ಬಫರ್ ಹಾಕಿ ಅಳೆದಾಗ ಫ್ಲೋರೈಡ್ ಹತ್ತು ಪಟ್ಟು ಹೆಚ್ಚಿದರೆ 25 ಡಿಗ್ರಿಯಲ್ಲಿ ಸುಮಾರು 59 ಮಿಲಿವೋಲ್ಟ್ ಇಳಿಯಬೇಕು. ಥಿಯರಿ ಕ್ಲಾಸಲ್ಲಿ ಬೋರ್ಡ್ ಮೇಲೆ ಬರೆದ ನರ್ನ್‌ಸ್ಟ್ ಸಮೀಕರಣ (ಸಾಂದ್ರತೆಗೂ ವೋಲ್ಟೇಜಿಗೂ ಇರುವ ಸಂಬಂಧ) ಮೀಟರಲ್ಲಿ ಕಾಣುತ್ತದೆ. ಎರಡೂ ವಿಧಾನದ ಉತ್ತರ ಹೊಂದದೇ ಇದ್ದರೆ ಇನ್ನೂ ಒಳ್ಳೆಯದು, ಯಾಕೆ ಅಂತ ಹುಡುಕುವುದೇ ಪಾಠ.

ಈಗ ಬಜೆಟ್ ತಾನಾಗಿ ಬರುತ್ತದೆ. ಇಬ್ಬರಿಗೆ ಒಂದರಂತೆ ಸಾದಾ ಕಲರಿಮೀಟರ್, ಎಲೆಕ್ಟ್ರೋಡ್ ಸಿಕ್ಕಿಸಲು ಒಂದು ಅಯಾನ್ ಮೀಟರ್, ಮೈಕ್ರೋಪಿಪೆಟ್, ಮೂರು ವರ್ಷಕ್ಕಾಗುವಷ್ಟು ಕೆಮಿಕಲ್. ಕೆ.ಸಿ. ವ್ಯಾಲಿ ನೀರು (ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು) ಬಂದಿರುವ ಕೆರೆ ಹತ್ತಿರದಲ್ಲಿದ್ದರೆ ಸಸ್ಯಶಾಸ್ತ್ರದವರು ಪಾಚಿ ಎಣಿಸಲಿ, ನೀವು ನೈಟ್ರೇಟ್, ಫಾಸ್ಫೇಟ್ ನೋಡಿ. ಒಂದೇ ಪ್ರಪೋಸಲಲ್ಲಿ ಎರಡು ಮೂರು ವಿಭಾಗ ಸೇರಿದರೆ ಬಲ ಜಾಸ್ತಿ.

ಸ್ಕೀಮ್ ವಿಷಯಕ್ಕೆ ಬಂದರೆ, ನಿಮ್ಮಂಥ ಕಾಲೇಜಿಗೆ ನಾನು ಮೊದಲು ಹೇಳುವುದು ಕೇಂದ್ರ ಜೈವಿಕ ತಂತ್ರಜ್ಞಾನ ಇಲಾಖೆಯ ಸ್ಟಾರ್ ಕಾಲೇಜ್ ಯೋಜನೆ. 2008ರಲ್ಲಿ ಶುರುವಾದದ್ದು, ಪದವಿ ಮಟ್ಟದ ವಿಜ್ಞಾನ ಕಲಿಕೆಗೆ ಅಂತಲೇ ಮಾಡಿದ್ದು. ಉಪಕರಣದ ಜೊತೆಗೆ ಕೆಮಿಕಲ್, ತರಬೇತಿಯಂಥ ಮರುಕಳಿಸುವ ಖರ್ಚಿಗೂ ದುಡ್ಡು ಕೊಡುತ್ತಾರೆ, ಅದೇ ಅದರ ಗುಣ. ರಾಜ್ಯದಲ್ಲಿ ವಿಜ್ಞಾನ ಮತ್ತು ತಂತ್ರಜ್ಞಾನ ದೃಷ್ಟಿ ಸಮೂಹದ ಕೆ-ಫಿಸ್ಟ್ ಅನ್ನೋ ಲ್ಯಾಬ್ ಸೌಲಭ್ಯದ ಯೋಜನೆ ಇದೆ. ಕೇಂದ್ರದ ಉನ್ನತ ಶಿಕ್ಷಣ ಯೋಜನೆ ಪಿಎಂ-ಉಷಾದಲ್ಲಿ ಕಾಲೇಜು ಬಲಪಡಿಸಲು 5 ಕೋಟಿ ತನಕ ಇದೆ. ಆದರೆ ಅದು ರಾಜ್ಯದ ಮೂಲಕ ಹೋಗಬೇಕು, ವಿಭಾಗದ ಮಟ್ಟದಲ್ಲಿ ನೀವೊಬ್ಬರೇ ಹಾಕುವಂಥದ್ದಲ್ಲ. ಪ್ರಿನ್ಸಿಪಾಲರ ದೊಡ್ಡ ಆಸೆಗೆ ಅದನ್ನು ತೋರಿಸಿ!

ಪ್ರಶ್ನೆ (ಭೌತಶಾಸ್ತ್ರ, ಗೌರಿಬಿದನೂರು): ಸರ್, ನಮ್ಮಲ್ಲಿ ಆಸಿಲೋಸ್ಕೋಪ್ (ವಿದ್ಯುತ್ ಸಿಗ್ನಲಿನ ಅಲೆ ತೋರಿಸುವ ಉಪಕರಣ) ಒಂದೇ. ಅದಕ್ಕೂ ಅನುದಾನಕ್ಕೆ ಕಾಯಬೇಕಾ?

ಉತ್ತರ: ಬೇಡ. ದೆಹಲಿಯ ಇಂಟರ್-ಯೂನಿವರ್ಸಿಟಿ ಆಕ್ಸಿಲರೇಟರ್ ಸೆಂಟರ್‌ನವರು ರೂಪಿಸಿದ ಎಕ್ಸ್‌ಪ್‌ಐಸ್ (ExpEYES) ಅನ್ನೋ ಸಣ್ಣ ಪೆಟ್ಟಿಗೆ ಇದೆ. ಯುಎಸ್‌ಬಿ ಮೂಲಕ ಕಂಪ್ಯೂಟರಿಗೆ ಸಿಕ್ಕಿಸಿದರೆ ಆಸಿಲೋಸ್ಕೋಪ್, ಸಿಗ್ನಲ್ ಜನರೇಟರ್ ಎರಡೂ ಆಗುತ್ತದೆ, ಪೈಥಾನಲ್ಲಿ ಪ್ರೋಗ್ರಾಂ ಬರೆಯಬಹುದು. ಕಾಲೇಜಿನ ಲ್ಯಾಬ್ ಫೀಸಲ್ಲೇ ನಾಲ್ಕು ತಗೊಳ್ಳಿ, ಒಂದು ವರ್ಷ ಮಕ್ಕಳ ಕೈಲಿ ಮಾಡಿಸಿ, ಫೋಟೋ ಮತ್ತು ಮಕ್ಕಳ ಡೇಟಾ ಇಟ್ಟುಕೊಳ್ಳಿ. ಮುಂದಿನ ವರ್ಷದ ಪ್ರಪೋಸಲಿಗೆ ಅದೇ ಸಾಕ್ಷಿ. ಇರುವುದರಲ್ಲಿ ಏನೂ ಮಾಡದವರಿಗೆ ಲಕ್ಷ ಕೊಟ್ಟರೆ ಏನು ಮಾಡುತ್ತಾರೆ ಅಂತ ಸಮಿತಿ ಯೋಚಿಸುತ್ತದೆ, ತಪ್ಪಲ್ಲ ಅಲ್ವಾ?

ಮತ್ತೆ ನಿಮ್ಮೂರಿನ ಪಕ್ಕದಲ್ಲೇ 1976ರಿಂದ ರೇಡಿಯೋ ದೂರದರ್ಶಕ ಇದೆ, 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶ ನೋಡಿದ್ದು. ಅಂಥ ರೇಡಿಯೋ ಅಲೆ ಹಿಡಿಯುವ ತಂತಿಯ ಡೈಪೋಲ್ ಆಂಟೆನಾ ಮಾಡುವ ಪ್ರಾಜೆಕ್ಟ್ ಬೇರೆ ಊರಿನವರು ಬರೆದರೆ ಕತೆ, ನೀವು ಬರೆದರೆ ನಂಬುತ್ತಾರೆ.

ಪ್ರಶ್ನೆ (ಎಂಜಿನಿಯರಿಂಗ್ ಕಾಲೇಜು, ಕೋಲಾರ): ನಮಗೆ ಸ್ಟಾರ್ ಕಾಲೇಜ್ ಬರಲ್ಲ ಅಲ್ವಾ ಸರ್?

ಉತ್ತರ: ಅದು ನಿಮ್ಮ ದಾರಿ ಅಲ್ಲ. ಹಳೇ ಲ್ಯಾಬ್ ಹೊಸದು ಮಾಡಲು ಎಐಸಿಟಿಇಯ (ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ) ಮೋಡ್ರಾಬ್ಸ್ ಯೋಜನೆ ನೋಡಿ. ಕೊನೆ ವರ್ಷದ ಮಕ್ಕಳ ಪ್ರಾಜೆಕ್ಟಿಗೆ ಬೆಂಗಳೂರಿನ ಐಐಎಸ್ಸಿ ಆವರಣದಲ್ಲಿರುವ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಸಹಾಯ ಕೊಡುತ್ತದೆ. ಮೊತ್ತ ಸಣ್ಣದು, ಆದರೆ ಮಕ್ಕಳು ಪ್ರಪೋಸಲ್ ಬರೆಯುವುದನ್ನು ಕಲಿಯುತ್ತಾರೆ.

ಪ್ರತಿಕ್ರಿಯೆ (ಅತಿಥಿ ಉಪನ್ಯಾಸಕ, ಮಾಲೂರು): ಸರ್, ಬೇಜಾರು ಮಾಡ್ಕೋಬೇಡಿ. ನಮ್ಮ ವಿಭಾಗದಲ್ಲಿ ಕಾಯಂ ಇರುವವರು ಒಬ್ಬರೇ, ಅವರಿಗೂ ವರ್ಗಾವಣೆ ಆಗುವ ಹಾಗಿದೆ. ಲ್ಯಾಬ್ ಅಟೆಂಡರ್ ಇಲ್ಲ. ಕಲರಿಮೀಟರ್ ಬಂದರೆ ತೊಳೆದು ಇಡುವವರು ಯಾರು?

ಉತ್ತರ: ಬೇಜಾರು ಯಾಕಪ್ಪ, ಸರಿಯಾಗೇ ಕೇಳಿದ್ದೀರಿ. ಅನುದಾನದಿಂದ ಖಾಲಿ ಹುದ್ದೆ ತುಂಬಲ್ಲ. ತುಂಬುತ್ತದೆ ಅಂತ ಹೇಳಿದರೆ ಅದು ಸುಳ್ಳು. ಪೆಟ್ಟಿಗೆ ಬಿಚ್ಚದ ಮಷೀನ್ ಬೀರುವಿನಲ್ಲಿ ಕೂತಿರುವುದು ನಾನೂ ಬೇಕಾದಷ್ಟು ನೋಡಿದ್ದೀನಿ. ಇಷ್ಟು ಮಾಡಬಹುದು. ಪ್ರಪೋಸಲಲ್ಲಿ ಇಬ್ಬರು ಸಹ-ಸಂಯೋಜಕರನ್ನು ಹಾಕಿ, ಒಬ್ಬರು ಬೇರೆ ವಿಭಾಗದವರಿರಲಿ, ಒಬ್ಬರು ಹೋದರೂ ಕೆಲಸ ನಿಲ್ಲಬಾರದು. ಪ್ರಯೋಗದ ವಿಧಾನವನ್ನು ಕನ್ನಡದಲ್ಲಿ ಒಂದು ಹಾಳೆ ಬರೆದು ಉಪಕರಣದ ಪಕ್ಕ ಅಂಟಿಸಿ. ಕೊನೇ ವರ್ಷದ ಇಬ್ಬರು ಮಕ್ಕಳಿಗೆ ಲ್ಯಾಬ್ ಜವಾಬ್ದಾರಿ ಕೊಡಿ. ಆದರೂ ನೋಡಿಕೊಳ್ಳುವವರು ಯಾರೂ ಇಲ್ಲ ಅಂತಾದರೆ ಈ ವರ್ಷ ಅರ್ಜಿ ಹಾಕಬೇಡಿ. ನಿಜವಾಗಲೂ ಹೇಳ್ತಿದ್ದೀನಿ.

ಪ್ರಶ್ನೆ (ಪ್ರಾಣಿಶಾಸ್ತ್ರ, ಬಾಗೇಪಲ್ಲಿ): ನಮಗೆ ಮಂಜೂರಾಗಿದೆ ಸರ್! ಈಗ ಭಯ ಶುರುವಾಗಿದೆ. ಲೆಕ್ಕ ಹೇಗೆ ಇಡಬೇಕು?

ಉತ್ತರ: ಅಭಿನಂದನೆ. ಮಂಜೂರಾತಿ ಪತ್ರವನ್ನು ಸಾಲು ಸಾಲಾಗಿ ಓದಿ, ಕಾಲೇಜಿನ ಕ್ಲರ್ಕ್‌ಗೂ ಓದಿಸಿ. ಉಪಕರಣದ ಬಾಬ್ತಿಗೆ ಬಂದ ದುಡ್ಡನ್ನು ಪ್ರಯಾಣಕ್ಕೆ ಹಾಕುವಂತಿಲ್ಲ, ಬದಲಿಸಬೇಕಾದರೆ ಲಿಖಿತ ಅನುಮತಿ ಬೇಕು. ಖಾತೆಯಲ್ಲಿ ಬಂದ ಬಡ್ಡಿ ನಿಮ್ಮದಲ್ಲ, ಸರ್ಕಾರಕ್ಕೆ ವಾಪಸ್ ಹೋಗಬೇಕು. ವರ್ಷದ ಕೊನೆಗೆ ಜಿಎಫ್‌ಆರ್ (ಕೇಂದ್ರದ ಹಣಕಾಸು ನಿಯಮ) 12-ಎ ನಮೂನೆಯಲ್ಲಿ ಬಳಕೆ ಪ್ರಮಾಣಪತ್ರ ಹೋಗದಿದ್ದರೆ ಮುಂದಿನ ಕಂತು ಬರಲ್ಲ. ಸರ್ಕಾರಿ ಕಾಲೇಜಾದರೆ ಖರೀದಿಗೆ ಕರ್ನಾಟಕದ 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆಯೂ ಅನ್ವಯಿಸುತ್ತದೆ. ಇದಕ್ಕೆಲ್ಲ ಸಮಯ ಹಿಡಿಯುತ್ತದೆ. ಮಾರ್ಚಿಗೆ ಅಂತ ಬಿಟ್ಟರೆ ಸಿಕ್ಕಿದ್ದನ್ನು ಕೊಳ್ಳಬೇಕಾಗುತ್ತದೆ. ಆರ್ಡರ್ ಹಾಕುವ ಮುಂಚೆ ಲ್ಯಾಬಿನ ಅರ್ಥಿಂಗ್ ಚೆಕ್ ಮಾಡಿಸಿ. ಮೈಕ್ರೋಸ್ಕೋಪ್ ಕ್ಯಾಮೆರಾ ಕೊಂಡು ಯುಪಿಎಸ್ ಮರೆಯುವವರೇ ಜಾಸ್ತಿ.

ಪ್ರಶ್ನೆ (ಚಿಂತಾಮಣಿ ಮೇಡಂ): ಸರ್, ಫ್ಲೋರೈಡ್ ಪ್ರಪೋಸಲ್ ಕರಡು ಮಾಡಿದರೆ ನೋಡಿ ಕೊಡ್ತೀರಾ?

ಉತ್ತರ: ಖಂಡಿತ. ಎರಡೇ ಪುಟ ಕಳಿಸಿ, ಇಂಗ್ಲಿಷ್ ಆಮೇಲೆ ನೋಡೋಣ, ಮೊದಲು ಕನ್ನಡದಲ್ಲೇ ಬರೆಯಿರಿ. ಅದಕ್ಕೂ ಮುಂಚೆ ಆಫೀಸಿಗೆ ಹೋಗಿ ಯುಜಿಸಿಯ 2(ಎಫ್) (ಕಾಲೇಜಿನ ಮಾನ್ಯತೆ) ಮತ್ತು 12(ಬಿ) (ಕೇಂದ್ರದ ನೆರವಿಗೆ ಅರ್ಹತೆ) ಪತ್ರ ಎಲ್ಲಿದೆ ಹುಡುಕಿಸಿ. ಕೇಂದ್ರದ ನೆರವು ಕೇಳುವಾಗ 12(ಬಿ) ಇದೆಯಾ ಅಂತ ಮೊದಲೇ ನೋಡುತ್ತಾರೆ. ಅದು ಹಳೇ ಫೈಲಲ್ಲಿರುತ್ತದೆ, ಕೊನೇ ದಿನ ಹುಡುಕಿದರೆ ಸಿಗಲ್ಲ.