ಸ್ಟೆಮ್ ಸೆಲ್‌ಗಳಿಗೆ ಯಾರು ಎಲ್ಲಿ ಇರ್ಬೇಕು ಅಂತ ಹೆಂಗೆ ಗೊತ್ತಾಗುತ್ತೆ?

ಬಯೋ_ಹುಚ್ಚ: 2023ರಲ್ಲಿ ಇಸ್ರೇಲ್‌ನ ವೈಜ್‌ಮನ್ ಇನ್‌ಸ್ಟಿಟ್ಯೂಟ್‌ನವ್ರು ವೀರ್ಯಾಣು, ಅಂಡಾಣು ಏನೂ ಇಲ್ದೆ ಬರೀ ಮನುಷ್ಯರ ಸ್ಟೆಮ್ ಸೆಲ್‌ನಿಂದ್ಲೇ (ಬೇರೆ ಬೇರೆ ಥರದ ಸೆಲ್ ಆಗಿ ಬದಲಾಗೋ ಶಕ್ತಿ ಇರೋ ಸೆಲ್) 14 ದಿನದ ಭ್ರೂಣದ ಥರದ್ದು ಬೆಳೆಸಿದ್ರಲ್ಲ, ಆ ಸೆಲ್‌ಗಳು ತಾವಾಗೇ ಹೆಂಗೆ ಜಾಗ ಹಿಡ್ಕೊಳ್ತವೆ? ಗೊತ್ತಿದ್ದೋರು ಬಿಡಿಸಿ ಹೇಳಿ.

ಲ್ಯಾಬ್_ಇಲಿ: ಅದಕ್ಕಿಂತ ಮುಂಚಿನ, 2014ರ ರಾಕ್‌ಫೆಲರ್ ಯೂನಿವರ್ಸಿಟಿ ಪ್ರಯೋಗದಲ್ಲಿ ಇದು ಸಲೀಸಾಗಿ ಅರ್ಥ ಆಗುತ್ತೆ ಗುರು. ಒಂದು ಮಿಲಿಮೀಟರ್ ಅಗಲದ ದುಂಡನೆ ಜಾಗದಲ್ಲಿ ಸೆಲ್ ಕೂರ್ಸಿ ಸೆಲ್‌ಗೆ ಏನಾಗ್ಬೇಕು ಅಂತ ಸಿಗ್ನಲ್ ಕೊಡೋ ಬಿಎಂಪಿ4 ಅನ್ನೋ ಪ್ರೋಟೀನ್ ಹಾಕಿದ್ರು ಅಷ್ಟೆ, ಎಲ್ಲಾ ಸೆಲ್‌ಗೂ ಒಂದೇ ದ್ರಾವಣ, ಆದ್ರೂ ಎರಡು ದಿನದೊಳಗೆ ಉಂಗುರ ಉಂಗುರವಾಗಿ ಬೇರೆ ಆದ್ವು: ನಡುವೆ ಚರ್ಮ, ನರ ಆಗೋ ಪದರ, ಆಮೇಲೆ ಸ್ನಾಯು-ಮೂಳೆದು, ಆಮೇಲೆ ಕರುಳಿಂದು, ಅಂಚಲ್ಲಿ ಪ್ಲಾಸೆಂಟಾ ಕಡೆಯ ಥರದ ಸೆಲ್. ಕಾರಣ ಏನಂದ್ರೆ ನಡುವೆ ಒತ್ತೊತ್ತಾಗಿರೋ ಸೆಲ್‌ಗಳ ರಿಸೆಪ್ಟರ್, ಅಂದ್ರೆ ಸಿಗ್ನಲ್ ಹಿಡಿಯೋ ಭಾಗಗಳು, ಪಕ್ಕಕ್ಕೆ, ಅಡಿಗೆ ಸರಿದು ಮುಚ್ಕೊಂಡಿರ್ತವೆ, ಜೊತೆಗೆ ಬಿಎಂಪಿ4ನ ತಡೆಯೋ ನಾಗಿನ್ ಅನ್ನೋ ಪ್ರೋಟೀನನ್ನೂ ಸೆಲ್‌ಗಳೇ ಬಿಡ್ತವೆ, ಅದು ನಡುವೆ ಜಾಸ್ತಿ ಉಳಿಯುತ್ತೆ. ಹಂಗಾಗಿ ಸಿಗ್ನಲ್ ಜೋರಾಗಿ ತಟ್ಟೋದು ಅಂಚಿಗೇ, ಅದಕ್ಕೇ ಅಂಚಿನ ಸೆಲ್ ಒಂದು ಥರ, ನಡುವಿನ ಸೆಲ್ ಇನ್ನೊಂದು ಥರ ಆಗೋದು.

ಸುಮ್ನೆ_ಓದೋನು: ಹಂಗಾದ್ರೆ ಆ ಭ್ರೂಣದ ಥರದ್ದನ್ನ ಗರ್ಭಕೋಶದಲ್ಲಿಟ್ರೆ ಮಗು ಆಗ್ಬಿಡುತ್ತಾ?

ಲ್ಯಾಬ್_ಇಲಿ: ಇಲ್ಲಪ್ಪ. ಇಡೋದನ್ನ ಅಂತಾರಾಷ್ಟ್ರೀಯ ಮಾರ್ಗಸೂಚಿನೇ ಬೇಡ ಅನ್ನುತ್ತೆ, ಮೇಲಾಗಿ ವೈಜ್‌ಮನ್‌ನವ್ರದ್ದು ಗರ್ಭಕೋಶಕ್ಕೆ ಅಂಟ್ಕೊಳ್ಳೋ ಹಂತನೇ ದಾಟಿರುತ್ತೆ. ಅದೂ ನೂರು ಸೆಲ್ ಗುಂಪು ಬೆಳೆಸಿದ್ರೆ ಒಂದೆರಡು ಸರಿಯಾಗಿ ಬಂದ್ರೆ ಹೆಚ್ಚು, ಪೇಪರ್‌ನೋರು ಇದನ್ನ ಮಾತ್ರ ಹೆಡ್‌ಲೈನಲ್ಲಿ ಹಾಕಲ್ಲ ನೋಡಿ.