ಎಚ್‌ಪಿವಿ ಲಸಿಕೆ: ‘ಮನೆಯಲ್ಲಿ ಕೇಳಿ ಹೇಳುತ್ತೇವೆ’ ಎಂದು ಹೋದವರು ಮರಳಿ ಬರುವಂತೆ ಮಾಡುವುದು ಹೇಗೆ?

ಪ್ರಶ್ನೆ: ಕುಟುಂಬ ವೈದ್ಯ, ಅರಸೀಕೆರೆ

ಮಾನ್ಯರೇ, ನನ್ನ ಕ್ಲಿನಿಕ್ಕಿಗೆ ಒಂಬತ್ತರಿಂದ ಹದಿನಾಲ್ಕು ವರ್ಷದ ಹೆಣ್ಣುಮಕ್ಕಳು ಲಸಿಕೆಗೆಂದೇ ಬರುವುದು ಅಪರೂಪ. ಜ್ವರ, ಗಂಟಲು ನೋವು, ಕ್ರೀಡಾಕೂಟಕ್ಕೆ ಬೇಕಾದ ಪ್ರಮಾಣಪತ್ರ, ಹೀಗೆ ಬೇರೆ ಯಾವುದೋ ಕಾರಣಕ್ಕೆ ಬರುತ್ತಾರೆ. ಆಗ ಎಚ್‌ಪಿವಿ (ಲೈಂಗಿಕ ಸಂಪರ್ಕದಿಂದ ಹರಡಿ ಗರ್ಭಕಂಠದ ಕ್ಯಾನ್ಸರ್ ತರಬಲ್ಲ ವೈರಾಣು) ಲಸಿಕೆಯ ಮಾತೆತ್ತಿದರೆ ತಾಯಂದಿರು ಬೇಡವೆನ್ನುವುದಿಲ್ಲ. ‘ಇವರಪ್ಪನ್ನ ಕೇಳಿ ಹೇಳ್ತೀವಿ ಡಾಕ್ಟ್ರೇ’ ಎಂದು ಎದ್ದು ಹೋಗುತ್ತಾರೆ, ಆಮೇಲೆ ಆ ವಿಷಯ ಅಲ್ಲಿಗೇ ನಿಲ್ಲುತ್ತದೆ. ಜಗತ್ತಿನ ಕ್ಯಾನ್ಸರ್ ಅಂಕಿಅಂಶ ಕಲೆಹಾಕುವ ಗ್ಲೋಬೊಕಾನ್‌ನ 2022ರ ಅಂದಾಜಿನಂತೆ ನಮ್ಮ ದೇಶದಲ್ಲಿ ಒಂದೇ ವರ್ಷದಲ್ಲಿ ಗರ್ಭಕಂಠದ ಕ್ಯಾನ್ಸರಿನ ಸುಮಾರು 1.27 ಲಕ್ಷ ಹೊಸ ಪ್ರಕರಣಗಳು ಕಂಡುಬಂದು, 80 ಸಾವಿರದಷ್ಟು ಮಹಿಳೆಯರು ತೀರಿಕೊಂಡಿದ್ದಾರೆ. ಈ ಅಂಕಿಗಳನ್ನು ಹೇಳಿದರೂ ಪರಿಣಾಮ ಅಷ್ಟಕ್ಕಷ್ಟೇ.

ಮಗಳು ಪಕ್ಕದಲ್ಲೇ ಕೂತಿರುವಾಗ ‘ಇಷ್ಟು ಚಿಕ್ಕ ಹುಡುಗಿಗೆ ಇದು ಏಕೆ’ ಎಂದು ಕೇಳುವವರಿಗೆ ಏನು ಹೇಳಬೇಕು? ಮೊನ್ನೆ ಒಬ್ಬ ತಂದೆ, ಆಂಧ್ರದಲ್ಲಿ ಈ ಲಸಿಕೆ ಪಡೆದ ಮಕ್ಕಳು ಸತ್ತರಂತೆ ಎಂದು ಮೊಬೈಲಿನಲ್ಲಿದ್ದ ಬರಹವನ್ನೇ ತೋರಿಸಿದರು. ಮೊದಲ ಡೋಸ್ ಪಡೆದವರಲ್ಲೂ ಕೆಲವರು ಎರಡನೆಯದಕ್ಕೆ ಬರುವುದಿಲ್ಲ. ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ 1: ಮಕ್ಕಳ ತಜ್ಞೆ, ಮೈಸೂರು

ಸರ್, ಮಾತನ್ನು ಆರಂಭಿಸುವ ರೀತಿಯನ್ನು ಮೊದಲು ಬದಲಿಸಿ ನೋಡಿ. ‘ಹೀಗೊಂದು ಲಸಿಕೆ ಇದೆ, ಹಾಕಿಸುತ್ತೀರಾ’ ಎಂದು ಕೇಳಿದಾಗ ಇದು ಉಳಿದ ಲಸಿಕೆಗಳಂತಲ್ಲ, ಬಿಟ್ಟರೂ ನಡೆಯುತ್ತದೆ ಎಂಬ ಸೂಚನೆ ನಮ್ಮ ಬಾಯಿಂದಲೇ ಹೋಗಿರುತ್ತದೆ. ಹತ್ತನೇ ವರ್ಷಕ್ಕೆ ಟಿಡಿ (ಧನುರ್ವಾಯು, ಗಂಟಲಮಾರಿ ತಡೆಯುವ) ಲಸಿಕೆ ಹೇಗೂ ಇದೆ. ನಾನು ಮಗುವಿನ ಲಸಿಕೆ ಕಾರ್ಡನ್ನು ಮೇಜಿನ ಮೇಲೆ ಬಿಡಿಸಿಟ್ಟು, ‘ಈ ವಯಸ್ಸಿಗೆ ಎರಡು ಲಸಿಕೆ ಬಾಕಿ ಇವೆ, ಒಂದು ಧನುರ್ವಾಯುವಿನದು, ಇನ್ನೊಂದು ಗರ್ಭಕಂಠದ ಕ್ಯಾನ್ಸರ್ ತಡೆಯುವುದು, ಎರಡನ್ನೂ ಇಂದೇ ಕೊಡಬಹುದು’ ಎಂದು ಹೇಳುತ್ತೇನೆ. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲೂ, ಹೀಗೆ ನೇರವಾಗಿ ಹೇಳುವ ತರಬೇತಿ ಪಡೆದ ವೈದ್ಯರ ಕ್ಲಿನಿಕ್ಕುಗಳಲ್ಲಿ ಲಸಿಕೆ ಆರಂಭಿಸಿದವರ ಪ್ರಮಾಣ ಹೆಚ್ಚಿತ್ತು.

ವಯಸ್ಸಿನ ಪ್ರಶ್ನೆಗೆ ಹೆಚ್ಚು ವಿವರಣೆ ಬೇಕಿಲ್ಲ. ವೈರಾಣು ಮೈಸೇರುವ ಮೊದಲೇ ಕೊಟ್ಟರೆ ಮಾತ್ರ ಇದರಿಂದ ಪೂರ್ಣ ಪ್ರಯೋಜನ, ಈ ವಯಸ್ಸಿನಲ್ಲಿ ದೇಹದ ಪ್ರತಿರೋಧವೂ ಚೆನ್ನಾಗಿ ಬೆಳೆಯುತ್ತದೆ. ಹದಿನೈದು ತುಂಬುವ ಮೊದಲು ಆರಂಭಿಸಿದರೆ ಆರು ತಿಂಗಳ ಅಂತರದಲ್ಲಿ ಎರಡು ಡೋಸ್ ಸಾಕು, ಆಮೇಲೆ ಆರಂಭಿಸಿದರೆ ಮೂರು ಬೇಕು ಎಂಬುದು ನಮ್ಮ ಮಕ್ಕಳ ತಜ್ಞರ ಸಂಘದ ವೇಳಾಪಟ್ಟಿ. ಖರ್ಚಿನ ಲೆಕ್ಕ ಹಾಕುವ ಮನೆಗಳಲ್ಲಿ ಈ ಕೊನೆಯ ಮಾತೇ ಹೆಚ್ಚು ನಾಟುತ್ತದೆ.

ಉತ್ತರ 2: ಸಮುದಾಯ ವೈದ್ಯಶಾಸ್ತ್ರ ಬೋಧಕ, ಹುಬ್ಬಳ್ಳಿ

ಮೇಡಂ ಹೇಳಿದ ವಿಧಾನ ಸರಿಯಾದದ್ದೇ, ಆದರೆ ಒಂದು ಎಚ್ಚರಿಕೆ ಬೇಕು. ಆ ತಂದೆ ತೋರಿಸಿದ ಬರಹ ಗಾಳಿಸುದ್ದಿ ಎಂದು ತಳ್ಳಿಹಾಕುವಂಥದ್ದಲ್ಲ. ಆಗ ಅವಿಭಜಿತವಾಗಿದ್ದ ಆಂಧ್ರಪ್ರದೇಶದ ಖಮ್ಮಂ ಜಿಲ್ಲೆಯಲ್ಲಿ ಮತ್ತು ಗುಜರಾತಿನ ವಡೋದರಾದಲ್ಲಿ 2009ರಲ್ಲಿ ಆರಂಭವಾದ ಈ ಲಸಿಕೆಯ ಪ್ರಾಯೋಗಿಕ ಯೋಜನೆಯ ಅವಧಿಯಲ್ಲಿ ಏಳು ಹುಡುಗಿಯರು ಸತ್ತದ್ದು ನಿಜ. ನೀರಿನಲ್ಲಿ ಮುಳುಗಿದ್ದು, ಹಾವು ಕಡಿತ, ಕೀಟನಾಶಕ ಸೇವನೆ, ಮಲೇರಿಯಾದಂಥ ಕಾರಣಗಳು ತನಿಖೆಯಲ್ಲಿ ಕಂಡುಬಂದವೇ ಹೊರತು ಲಸಿಕೆಯ ಸಂಬಂಧ ಕಾಣಲಿಲ್ಲ. ಆದರೆ ಹಾಸ್ಟೆಲಿನಲ್ಲಿದ್ದ ಬಡ ಮಕ್ಕಳ ಪರವಾಗಿ ವಾರ್ಡನ್‌ಗಳು ಒಪ್ಪಿಗೆಯ ಸಹಿ ಹಾಕಿದ್ದೂ ಅಷ್ಟೇ ನಿಜ; ಸಂಸದೀಯ ಸಮಿತಿ 2013ರಲ್ಲಿ ಇದನ್ನು ಕಟುವಾಗಿ ಟೀಕಿಸಿತು. ಈ ಎರಡೂ ಸಂಗತಿಗಳನ್ನು ಒಟ್ಟಿಗೆ ಹೇಳುವ ವೈದ್ಯರನ್ನು ಜನ ನಂಬುತ್ತಾರೆ. ನೇರವಾಗಿ ಹೇಳುವ ಭರದಲ್ಲಿ ತಾಯಿ ತಂದೆಯರ ಒಪ್ಪಿಗೆ ಬರೀ ತಲೆಯಾಡಿಸುವಿಕೆಯಾಗಿಬಿಟ್ಟರೆ ಆ ಹಳೆಯ ಕಥೆಯೇ ಮರುಕಳಿಸೀತು.

ಇದರ ಜೊತೆಗೆ ಹೇಳಬೇಕಾದ ಇನ್ನೊಂದು ಸಂಗತಿಯಿದೆ. ಆ ಸಾವುಗಳ ಸುತ್ತ ಎದ್ದ ಗಲಾಟೆಯಿಂದಾಗಿ 2010ರಲ್ಲಿ ಭಾರತದಲ್ಲೇ ನಡೆಯುತ್ತಿದ್ದ ಬೇರೊಂದು ದೊಡ್ಡ ಅಧ್ಯಯನದಲ್ಲೂ ಲಸಿಕೆ ಕೊಡುವುದು ನಿಂತುಹೋಗಿ, ಸಾವಿರಾರು ಹುಡುಗಿಯರಿಗೆ ಒಂದೇ ಡೋಸ್ ಸಿಕ್ಕಿತು. ಸಂಶೋಧಕರು ಅವರನ್ನು ಕೈಬಿಡದೆ ವರ್ಷಗಟ್ಟಲೆ ಗಮನಿಸುತ್ತ ಬಂದರು. ಒಂದೇ ಡೋಸ್ ಪಡೆದವರಲ್ಲೂ ಎಚ್‌ಪಿವಿಯ 16 ಮತ್ತು 18ನೇ ಮಾದರಿಯ ಸೋಂಕು ದೇಹದಲ್ಲಿ ನೆಲೆಯೂರುವುದಕ್ಕೆ ಶೇ 95ರಷ್ಟು ತಡೆ ಇರುವುದು 2021ರಲ್ಲಿ ಪ್ರಕಟವಾಯಿತು. ಗರ್ಭಕಂಠದ ಕ್ಯಾನ್ಸರುಗಳಲ್ಲಿ ಸುಮಾರು ಶೇ 70ಕ್ಕೆ ಕಾರಣ ಈ ಎರಡೇ ಮಾದರಿಗಳು. ಒಂದು ಡೋಸ್ ವೇಳಾಪಟ್ಟಿಯನ್ನೂ ಅನುಸರಿಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದ್ದಕ್ಕೆ ನಮ್ಮ ಮಕ್ಕಳ ಈ ಮಾಹಿತಿಯೂ ಆಧಾರವಾಗಿತ್ತು. ಎಚ್‌ಐವಿ ಇರುವ ಅಥವಾ ರೋಗನಿರೋಧಕ ಶಕ್ತಿ ಕುಂದಿರುವ ಮಕ್ಕಳಿಗೆ ಮಾತ್ರ ಇದು ಅನ್ವಯಿಸುವುದಿಲ್ಲ.

ಉತ್ತರ 3: ಶುಶ್ರೂಷಕಿ, ಖಾಸಗಿ ಕ್ಲಿನಿಕ್, ಶಿವಮೊಗ್ಗ

ಡಾಕ್ಟರೇ, ‘ಅಪ್ಪನನ್ನು ಕೇಳಿ’ ಎಂದವರನ್ನು ಹಾಗೆಯೇ ಕಳುಹಿಸಬೇಡಿ. ನಮ್ಮಲ್ಲಿ ಇದಕ್ಕೆ ಬೇರೆಯೇ ಪುಸ್ತಕವಿದೆ: ಮಗುವಿನ ಹೆಸರು, ಹುಟ್ಟಿದ ದಿನ, ಯಾರನ್ನು ಕೇಳಬೇಕೆಂದರು, ಯಾವ ನಂಬರಿಗೆ ಫೋನ್ ಮಾಡಬಹುದು. ಅಪ್ಪನ ನಂಬರನ್ನೇ ಬರೆದುಕೊಂಡು, ಸಂಜೆ ಅವರು ಮನೆಗೆ ಬರುವ ಹೊತ್ತಿಗೆ ನಾವೇ ಫೋನ್ ಮಾಡುತ್ತೇವೆ, ಏಕೆಂದರೆ ತಾಯಿ ಇಲ್ಲಿ ಕೇಳಿದ್ದನ್ನು ಮನೆಯಲ್ಲಿ ಮತ್ತೆ ವಿವರಿಸಿ ಒಪ್ಪಿಸುವುದು ಅವರಿಗೆ ದೊಡ್ಡ ಹೊರೆ. ದರವನ್ನೂ ಮೊದಲೇ ಹೇಳಿಬಿಡುತ್ತೇವೆ. 2023ರಲ್ಲಿ ಮಾರುಕಟ್ಟೆಗೆ ಬಂದ ಸೀರಂ ಸಂಸ್ಥೆಯ ಸರ್ವಾವ್ಯಾಕ್ ಹೊರದೇಶದ ಲಸಿಕೆಗಿಂತ ಅಗ್ಗ.

ಎರಡನೇ ಡೋಸಿಗೆ ‘ಆರು ತಿಂಗಳ ನಂತರ’ ಎಂದಷ್ಟೇ ಬರೆದರೆ ಯಾರಿಗೂ ನೆನಪಿರುವುದಿಲ್ಲ. ಬೇಸಿಗೆ ರಜೆಯಲ್ಲಿ ಮೊದಲನೆಯದು, ದಸರಾ ರಜೆ ಆರು ತಿಂಗಳ ನಂತರ ಬಿದ್ದರೆ ಅದರಲ್ಲಿ ಎರಡನೆಯದು ಎಂದು ದಿನಾಂಕವನ್ನು ಅವರ ಎದುರೇ ಬರೆಯುತ್ತೇವೆ. ತಿಂಡಿ ತಿಂದು ಬರಲು ಹೇಳಿ, ಚುಚ್ಚಿದ ಮೇಲೆ ಹದಿನೈದು ನಿಮಿಷ ಕೂರಿಸಿಕೊಳ್ಳಿ. ಈ ವಯಸ್ಸಿನ ಮಕ್ಕಳಿಗೆ ಕಣ್ಣು ಕತ್ತಲೆ ಬಂದು ತಲೆ ತಿರುಗುವುದುಂಟು; ಒಬ್ಬಳು ಅಂಗಳದಲ್ಲಿ ಬಿದ್ದರೆ ಇಡೀ ಬೀದಿಯೇ ಲಸಿಕೆಗೆ ಹೆದರುತ್ತದೆ.

ಆ ಹದಿನೈದು ನಿಮಿಷದಲ್ಲಿ ತಾಯಿಯ ತಪಾಸಣೆ ಆಗಿದೆಯೇ ಎಂದೂ ಕೇಳುತ್ತೇವೆ. ಮೂವತ್ತು ದಾಟಿದ ಅವರಿಗೆ ಬೇಕಾದದ್ದು ಗರ್ಭಕಂಠದ ಪರೀಕ್ಷೆ, ಅದನ್ನು ಕೇಳುವವರೇ ಇಲ್ಲ.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ಧನ್ಯವಾದಗಳು. ಸೋಮವಾರದಿಂದಲೇ ಪುಸ್ತಕ ಇಡುತ್ತೇವೆ. ಇನ್ನೊಂದು ಸಂದೇಹ: ಹದಿಮೂರನೇ ವಯಸ್ಸಿನಲ್ಲಿ ಮೊದಲ ಡೋಸ್ ಪಡೆದು ಆಮೇಲೆ ಬಾರದ ಹುಡುಗಿಗೆ ಈಗ ಹದಿನಾರು. ಮತ್ತೆ ಮೊದಲಿಂದ ಆರಂಭಿಸಬೇಕೇ?

ಉತ್ತರ: ಮಕ್ಕಳ ತಜ್ಞೆ, ಮೈಸೂರು

ಬೇಕಿಲ್ಲ ಸರ್. ಅಂತರ ಹೆಚ್ಚಾಯಿತೆಂದು ಮೊದಲ ಡೋಸ್ ವ್ಯರ್ಥವಾಗುವುದಿಲ್ಲ. ಆರಂಭಿಸಿದಾಗಿನ ವಯಸ್ಸೇ ಲೆಕ್ಕಕ್ಕೆ ಬರುವುದರಿಂದ, ಬೇರೆ ಕಾಯಿಲೆಯಿಲ್ಲದ ಹುಡುಗಿಯಾದರೆ ಇನ್ನೊಂದು ಡೋಸ್ ಕೊಟ್ಟು ಮುಗಿಸಿ. ಮೊದಲು ಯಾವ ಕಂಪನಿಯದನ್ನು ಕೊಟ್ಟಿದ್ದಿರೋ ಸಿಕ್ಕರೆ ಅದನ್ನೇ ಕೊಡಿ.