ಸಹಾಯ ಬೇಕು: ಒಬ್ಬರಿಗೆ ಸಾಕಾಗುವ ಹಗುರ ಟೆಂಟ್

ನಮಸ್ಕಾರ, ನಾನು ತುಮಕೂರಿನವನು. ಒಬ್ಬನೇ ಬ್ಯಾಗ್ ಹೊತ್ತು ಮೂರ್ನಾಲ್ಕು ದಿನ ನಡೆಯೋದು ನನಗೆ ತುಂಬಾ ಇಷ್ಟ. ಈಗಿನ ಟೆಂಟ್ 3 ಕಿಲೋ ಮೇಲಿದೆ. 1.5 ಕಿಲೋ ಒಳಗಿನದು ಬೇಕು.

ಹೋದ ಡಿಸೆಂಬರ್‌ನಲ್ಲಿ ಮಧುಗಿರಿ ಹತ್ತಿರ ಗೆಳೆಯನ ತೋಟದಲ್ಲಿ ಒಂದೇ ಪದರದ ಟೆಂಟ್ ಹಾಕಿ ಮಲಗಿದ್ದೆ. ಮಳೆ ಇರಲಿಲ್ಲ. ಆದರೂ ಬೆಳಗ್ಗೆ ಒಳಗೆಲ್ಲ ಹನಿ, ಸ್ಲೀಪಿಂಗ್ ಬ್ಯಾಗಿನ ಕಾಲ್ತುದಿ ಒದ್ದೆ. ಉಸಿರಿನ ತೇವವೇ ತಣ್ಣನೆ ಬಟ್ಟೆಗೆ ತಾಗಿ ನೀರಾಗುತ್ತದೆ ಅಲ್ವಾ. ಅದಕ್ಕೇ ಎರಡು ಪದರದ್ದೇ ವಾಸಿ ಅನಿಸುತ್ತಿದೆ.

ಟ್ರೆಕ್ಕಿಂಗ್ ಕೋಲು ನಿಲ್ಲಿಸಿ ಕಟ್ಟುವ ಟೆಂಟ್ ಇನ್ನೂ ಹಗುರ, ನಿಜ. ಆದರೆ ಅದು ನಿಲ್ಲೋದೇ ಗೂಟದ ಬಲದಿಂದ. ನಮ್ಮ ಕಡೆ ಮಣ್ಣಿನ ಕೆಳಗೇ ಬಂಡೆ. ಅವತ್ತು ಗೂಟ ನಾಲ್ಕು ಬೆರಳು ಇಳಿದು ಬಗ್ಗಿಹೋಯಿತು. ಗೂಟದ ಬದಲು ಕಲ್ಲಿಗೆ ಹಗ್ಗ ಕಟ್ಟಿ ನಿಲ್ಲಿಸಿದವರು ಇದ್ದೀರಾ? ಗಾಳಿಗೆ ತಡೆಯಿತಾ?

ನಾನು ಆರಡಿ ಎತ್ತರ. ಬಳಸಿದವರು ದಯವಿಟ್ಟು ಹೇಳಿ.